ಮೂಗು ಕಟ್ಟಿದ ರಸಜ್ಞ

ಇಪ್ಪತ್ತೆರಡು ವರ್ಷಗಳಿಂದ ನಾಲಿಗೆಯ ಬಲದಿಂದಲೇ ಸಂಬಳ ಪಡೆಯುತ್ತಿದ್ದರೂ ಮನೆಯಲ್ಲಿ ನನ್ನ ನಾಲಿಗೆಗೆ ಬೆಲೆಯಿಲ್ಲ. (ಮನೆಯಲ್ಲಿ ಅದನ್ನು ಹೊರಳಿಸಲು ಅವಕಾಶವೇ ಇಲ್ಲ ಎನ್ನುವುದು ಬೇರೆ ಮಾತು.) ನಾನು ಪುರಸಭೆಯ ನೀರು ಪರೀಕ್ಷಾಲಯದ ಹಿರಿಯ ಪರೀಕ್ಷಕ. ಊರಿನ ಮೂಲೆಮೂಲೆಯಿಂದ ಬಂದ ನೀರನ್ನು ನೋಡಿ, ಮೂಸಿ, ಗುಟುಕರಿಸಿ, ‘ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ.

“ನಮ್ಮ ಸಂಸಾರಕ್ಕೂ ಅದೇ ಸರ್ಟಿಫಿಕೇಟು ಬರೆದುಕೊಡಿ, ಗೋಡೆಗೆ ತೂಗು ಹಾಕೋಣ” ಎನ್ನುತ್ತಾಳೆ ನನ್ನ ಹೆಂಡತಿ. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಆದ್ದರಿಂದ ಉತ್ತರ ಸರಿಯಿದ್ದರೂ ವಿಧಾನ ತಪ್ಪೆಂದು ಅಂಕ ಕಳೆಯುವುದು ಅವಳ ಸ್ವಭಾವ.

ಹೀಗಿರುವಾಗ ನಮ್ಮ ಬೀದಿಯ ಕೊನೆಯ ವೈನ್ ಅಂಗಡಿಯಲ್ಲಿ ಒಂದು ಸೂಚನೆ ಕಂಡಿತು. ಅಂಗಡಿಯ ಯಜಮಾನರು ಬಾಟಲಿಯ ಬಿರಡೆಯಂತೆ ಕುಳ್ಳಗೆ, ಗುಂಡಗೆ, ಮೇಲ್ಗಡೆ ನುಣ್ಣಗೆ ಇರುವುದರಿಂದ ಊರಿಗೆಲ್ಲ ‘ಬಿರಡೆಯವರು’. ದಿನಬಳಕೆಯ ಅಗ್ಗದ ವೈನುಗಳ ರುಚಿ ನೋಡಿ, ಯಾವುದು ಯಾವ ಊಟಕ್ಕೆ ಹೊಂದುತ್ತದೆಂದು ನಾಲ್ಕು ಸಾಲು ಬರೆಯಬಲ್ಲ ಗಿರಾಕಿಯೊಬ್ಬರು ಅವರಿಗೆ ಬೇಕಾಗಿದ್ದರು. ಆ ಸಾಲುಗಳನ್ನು ಚೀಟಿಯಲ್ಲಿ ಬರೆದು, ಬರೆದವರ ಹೆಸರಿನೊಂದಿಗೆ ಕಪಾಟಿನಲ್ಲಿ ಬಾಟಲಿಯ ಕೆಳಗೆ ಅಂಟಿಸುತ್ತಾರಂತೆ. ಇಡೀ ಆಯುಷ್ಯ ರುಚಿಯಿಲ್ಲದ್ದಕ್ಕೆ ಸಹಿ ಹಾಕಿದವನಿಗೆ ರುಚಿಯಿರುವುದೊಂದಕ್ಕೆ ಸಹಿ ಹಾಕುವ ಯೋಗ ಬರುವುದೆಂದರೆ ಸಾಮಾನ್ಯವೇ. ನಾನು ಅಲ್ಲೇ ನಿಂತು, “ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬನ್ನಿ. ಐದು ಬಾಟಲಿಗಳನ್ನು ಮುಸುಕು ಹಾಕಿ ಪರೀಕ್ಷಿಸಿ ತೋರಿಸುತ್ತೇನೆ” ಎಂದೆ. ಬಿರಡೆಯವರು ಒಪ್ಪಿದರು. ಪುಕ್ಕಟೆ ಊಟವನ್ನು ಬೇಡವೆನ್ನುವಷ್ಟು ದೊಡ್ಡ ವ್ಯಾಪಾರಿ ಅವರಲ್ಲ.

ಅವರಲ್ಲಿಯೇ ಐದು ಅಗ್ಗದ ಕೆಂಪು ವೈನು ಕೊಂಡು ತಂದೆ. ಶನಿವಾರ ಬೆಳಿಗ್ಗೆ ಐದಕ್ಕೂ ಆಫೀಸಿಗೆ ಹಾಕುವ ನನ್ನ ಬೂದು ಕಾಲುಚೀಲ ತೊಡಿಸಿ, ಮೇಲೆ ಒಂದರಿಂದ ಐದರವರೆಗೆ ಚೀಟಿ ಚುಚ್ಚಿದೆ. ಯಾವ ಅಂಕಿಯಲ್ಲಿ ಯಾವ ವೈನಿದೆ ಎಂದು ನೆನಪಿಟ್ಟುಕೊಂಡು, ಕಂಪನಿಯವರೇ ಬರೆದ ವರ್ಣನೆಗಳನ್ನು ಉರು ಹೊಡೆದೆ. ಇದು ಮೋಸವಲ್ಲ, ಪೂರ್ವಸಿದ್ಧತೆ.

“ಚೀಲ ಹಾಕೋರೂ ನೀವೇ, ನಂಬರ್ ಬರೆಯೋರೂ ನೀವೇ, ಪರೀಕ್ಷೆಗೆ ಕೂರೋರೂ ನೀವೇ. ನಮ್ಮ ಶಾಲೆಯಲ್ಲಿ ಇದಕ್ಕೆ ಡಿಬಾರ್ ಮಾಡ್ತಾರೆ” ಎಂದಳು ಹೆಂಡತಿ.

“ನಿನಗೆ ಇದರ ಶಾಸ್ತ್ರ ಗೊತ್ತಿಲ್ಲ. ಮುಚ್ಚಳ ಸಡಿಲ ಮಾಡಿದೀನಿ, ಮುಟ್ಟಬೇಡ. ಇವತ್ತೆಲ್ಲ ವೈನು ಉಸಿರಾಡಬೇಕು.”

ವೈನೇನೋ ಚೆನ್ನಾಗಿ ಉಸಿರಾಡಿತು. ಭಾನುವಾರ ಬೆಳಿಗ್ಗೆ ಎದ್ದಾಗ ಉಸಿರಾಡಲಾಗದೆ ಇದ್ದವನು ನಾನು. ಮೂಗು ಎರಡೂ ಹೊಳ್ಳೆಯ ಬಾಗಿಲು ಹಾಕಿಕೊಂಡು ಮುಷ್ಕರ ಹೂಡಿತ್ತು. ಹಿಂದಿನ ದಿನವೇ ಪಕ್ಕದ ಬೀದಿಯಿಂದ ಬಂದಿದ್ದ ಅತ್ತೆ, ನಾನು ಬೇಡವೆನ್ನುವ ಮುಂಚೆಯೇ ನೆಗಡಿಯ ಮುಲಾಮನ್ನು ಹಣೆಯಿಂದ ಗಲ್ಲದವರೆಗೆ ಮೆತ್ತಿದರು. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆ ನಡೆಸಿ ನಿವೃತ್ತರಾದವರು. ಅವರ ಕೈ ಊಟ ಉಂಡ ರೋಗಿಗಳು ಬೇಗ ಗುಣವಾಗುತ್ತಿದ್ದರಂತೆ. ರುಚಿಗೋ ಭಯಕ್ಕೋ ನಾನು ಕೇಳಿಲ್ಲ. ಊಟಕ್ಕೆ ಅಣಬೆ ಹಾಕಿ ಕೋಳಿ ಬೇಯಿಸಲು ಹೆಂಡತಿಯೇ ಅವರನ್ನು ಎರಡು ದಿನದ ಮಟ್ಟಿಗೆ ಕರೆಸಿಕೊಂಡಿದ್ದಳು.

“ರೀ, ಅವರಿಗೆ ಫೋನ್ ಮಾಡಿ ಮುಂದಿನ ವಾರ ಬನ್ನಿ ಅನ್ನಿ. ವಾಸನೆ ಗೊತ್ತಾಗದೋರು ವೈನ್ ಏನು ನೋಡ್ತೀರಿ?”

“ನನಗೆ ಮೂಗೇ ಬೇಕಿಲ್ಲ” ಎಂದೆ. (ವಾಸ್ತವವಾಗಿ ಬಾಯಿಂದ ಹೊರಟದ್ದು ‘ದದಗೆ ಬೂಗೇ ಬೇಕಿಲ್ಲ’ ಎಂದು.)

“ಎಲ್ಲರ ವಿಷಯಕ್ಕೂ ತೂರಿಸೋಕೆ ಬೇಕಾಗುತ್ತೆ, ಇವತ್ತು ಮಾತ್ರ ಬೇಡ” ಎಂದು ಅವಳು ಒಳಗೆ ಹೋದಳು.

ಬಿರಡೆಯವರು ಒಂದು ಗಂಟೆಗೆ ಸರಿಯಾಗಿ ಬಂದರು. ಬಾಗಿಲಲ್ಲೇ ಮೂಗರಳಿಸಿ, “ಏನೋ ಔಷಧಿ ವಾಸನೆ” ಎಂದರು. ಪಕ್ಕದ ಮನೆಯವರ ಮೇಲೆ ಹಾಕಿದೆ. ಐದು ಬಾಟಲಿ ಸಾಲಾಗಿಟ್ಟು, ಬಿಳಿ ಬಟ್ಟೆ ಹಾಸಿ, ಗಂಭೀರವಾಗಿ ಘೋಷಿಸಿದೆ: “ರುಚಿ ನೋಡುವಾಗ ಯಾರೂ ಮಾತಾಡಬಾರದು. ಏಕಾಗ್ರತೆ ಕೆಡುತ್ತದೆ.”

ಅತ್ತೆ ಬಾಯಿ ತೆರೆದರು. ನಾನು ಕೈಯೆತ್ತಿ ತಡೆದೆ.

ಮೊದಲನೆಯದನ್ನು ಲೋಟಕ್ಕೆ ಸುರಿದು, ತಿರುಗಿಸಿ, ಮುಚ್ಚಿದ ಮೂಗಿನ ಬಳಿ ಹಿಡಿದು ಕಣ್ಣು ಮುಚ್ಚಿದೆ. ಎಲ್ಲೆಲ್ಲೂ ಮುಲಾಮು. “ಹದವಾಗಿ ಹಣ್ಣಾದ ನೇರಳೆ, ಅದರ ಹಿಂದೆ ಒದ್ದೆ ಕಲ್ಲು, ಕೊನೆಯಲ್ಲಿ ಹಳೆಯ ಚರ್ಮದ ಪೆಟ್ಟಿಗೆ” ಎಂದು ಪಾಠ ಒಪ್ಪಿಸಿದೆ. ಬಿರಡೆಯವರು ತಮ್ಮ ಲೋಟ ಮೂಸಿದರು, ಮತ್ತೊಮ್ಮೆ ಮೂಸಿದರು. ಅದನ್ನು ಮೆಚ್ಚುಗೆಯೆಂದು ಭಾವಿಸಿ ಎರಡನೆಯದಕ್ಕೆ ‘ಬೇಸಿಗೆಯ ಸಂಜೆಯ ಮಂದಹಾಸ’ವನ್ನು ದಯಪಾಲಿಸಿದೆ.

ಮೂರನೆಯದನ್ನು ಸುರಿದಾಗ ಬಣ್ಣ ಕೊಂಚ ಬೇರೆಯಾಗಿತ್ತು. ಉರು ಹೊಡೆದದ್ದರಲ್ಲಿ ಅದು ಇರಲಿಲ್ಲ. ಆದರೆ ನಿಜವಾದ ರಸಜ್ಞ ಅಂಜುತ್ತಾನೆಯೇ. ಅತ್ತೆ ಮತ್ತೆ ಬಾಯಿ ತೆರೆದರು. ನಾನು ಮತ್ತೆ ಕೈಯೆತ್ತಿದೆ.

ಒಂದು ಗುಟುಕು ಕುಡಿದೆ. ನಾಲಿಗೆ, ವಸಡು, ಕೆನ್ನೆ ಎಲ್ಲವನ್ನೂ ಒಗರು ಗಟ್ಟಿಯಾಗಿ ಹಿಡಿದುಕೊಂಡಿತು. ಆ ದಿನ ನನ್ನ ಬಾಯಿಗೆ ಏನಾದರೊಂದು ತಿಳಿದದ್ದು ಅದೇ ಮೊದಲು. ಕೃತಜ್ಞತೆಯಿಂದ ಕಣ್ಣಲ್ಲಿ ನೀರು ಬಂತು.

“ಇದು, ಇದು ವೈನು” ಎಂದೆ. “ಅಂಚಿನಲ್ಲಿ ಇಟ್ಟಿಗೆಯ ಬಣ್ಣ ನೋಡಿ. ವಯಸ್ಸಿನ ಲಕ್ಷಣ. ಈ ಒಗರು ಬಯಲಿನಲ್ಲಿ ಬೆಳೆದದ್ದಕ್ಕೆ ಬರುವುದಿಲ್ಲ. ಎತ್ತರದ ಬೆಟ್ಟದ ಇಳಿಜಾರು, ಬೆಳಗಿನ ಮಂಜು, ಕೈಯಲ್ಲೇ ಬಿಡಿಸಿದ ಬೆಳೆ. ಹತ್ತಕ್ಕೆ ಒಂಬತ್ತೂವರೆ.”

ಹೆಂಡತಿ ಕೆಂಪು ಪೆನ್ನಿನಲ್ಲಿ ಒಂಬತ್ತೂವರೆ ಬರೆದುಕೊಂಡಳು. ಬಿರಡೆಯವರು ಸ್ವಲ್ಪ ಕುಡಿದು, ಲೋಟವನ್ನು ಬೆಳಕಿಗೆ ಹಿಡಿದು, ನಿಧಾನವಾಗಿ ಕೆಳಗಿಟ್ಟರು.

“ಬೆಟ್ಟದ ಇಳಿಜಾರು ಅಂದಿದ್ದು ಸರಿ ಸಾರ್. ಮಂಜೂ ಸರಿ. ಕೈಯಲ್ಲಿ ಬಿಡಿಸೋದೂ ಹೌದು” ಎಂದರು. “ಆದರೆ ಇದು ಟೀ.”

ಅತ್ತೆಯ ಕಡೆ ಎಲ್ಲರೂ ತಿರುಗಿದೆವು.

“ಹೇಳೋಣ ಅಂತ ಎರಡು ಸಲ ಬಾಯಿ ತೆಗೆದೆ, ಅಳಿಯಂದಿರು ಮಾತಾಡಬೇಡಿ ಅಂದ್ರು” ಎಂದರು ಅತ್ತೆ, ಕೊಂಚವೂ ಅಳುಕದೆ. “ನಿನ್ನೆ ನೀವು ಆಫೀಸಿಗೆ ಹೋದ ಮೇಲೆ ನೋಡ್ತೀನಿ, ಊಟದ ಮೇಜಿನ ಮೇಲೆ ಒಗೆಯದ ಕಾಲುಚೀಲ. ಬಂದವರ ಮುಂದೆ ಮಾನ ಹೋಗುತ್ತೆ ಅಂತ ಎಲ್ಲ ಬಿಚ್ಚಿ ನೆನೆಹಾಕಿ, ಅಂಥದ್ದೇ ಒಗೆದದ್ದು ತೊಡಿಸಿದೆ. ಚೀಟಿನೂ ಚುಚ್ಚಿದೆ. ಯಾವುದು ಯಾವುದಕ್ಕೆ ಅಂತ ಮಾತ್ರ ನನಗೇನು ಗೊತ್ತು?”

“ಮತ್ತೆ ಟೀ?” ಎಂದೆ.

“ಮುಚ್ಚಳ ಸಡಿಲವಾಗೇ ಇತ್ತು, ಒಂದೊಂದು ಚಮಚ ನೋಡಿದೆ. ಒಂದು ಬಹಳ ಚೆನ್ನಾಗಿತ್ತು, ಪೂರ್ತಿ ಕೋಳಿಗೆ ಹುಯ್ದೆ. ಖಾಲಿ ಬಾಟಲಿ ನೋಡಿ ನಿಮಗೆ ಬೇಜಾರಾಗಬಾರದಲ್ಲ, ಉಳಿದಿದ್ದ ಕಪ್ಪು ಟೀ ತುಂಬಿಸಿಟ್ಟೆ.”

ನನ್ನ ಮಾನ ಉಳಿಸಲು ಇದ್ದದ್ದು ಊಟವೊಂದೇ. ಬೇಗ ಬಡಿಸಲು ಹೇಳಿದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ಬಿರಡೆಯವರು ಮೊದಲ ತುತ್ತಿಗೆ ಕಣ್ಣು ಮುಚ್ಚಿದರು. (ನನ್ನಂತೆ ನಾಟಕಕ್ಕಲ್ಲ.) ಎರಡನೇ ಬಾರಿ ಬಡಿಸಿಕೊಂಡರು. ಮೂರನೇ ಬಾರಿ ಪಾತ್ರೆಯನ್ನೇ ಹತ್ತಿರಕ್ಕೆ ಎಳೆದುಕೊಂಡರು.

“ಅಮ್ಮ, ಉಳಿದ ನಾಲ್ಕು ಹೇಗಿದ್ವು?”

“ಇದೋ, ಈ ಒಂದನೇದು ಮಸಿ ಕುಡಿದ ಹಾಗೆ, ಆದರೆ ಉಪ್ಪು ಮುಂದಾದ ಮಾಂಸ ಇದ್ದರೆ ಸರಿಹೋಗುತ್ತೆ. ಎರಡನೇದು ಸ್ವಲ್ಪ ತಣ್ಣಗೆ ಮಾಡಿದ್ರೆ ಹುರಿದ ಮೀನಿಗೂ ಆದೀತು. ನಾಲ್ಕನೇದು ಬರೀ ಸಿಹಿ, ಊಟಕ್ಕೆ ಬೇಡ, ಹರಟೆಗೆ ಸಾಕು. ಐದನೇದಕ್ಕೆ ರುಚಿ ಅನ್ನೋದೇ ಇಲ್ಲ.”

ಬಿರಡೆಯವರು ಒಂದೊಂದೇ ಕಾಲುಚೀಲ ಕಳಚಿ ಹೆಸರು ನೋಡುತ್ತ, ತಲೆಯಾಡಿಸುತ್ತ ಹೋದರು. ಹೊರಡುವಾಗ ಕೈ ಮುಗಿದು ಒಂದು ಮಾತು ಹೇಳಿದರು. ಕೈ ಮುಗಿದದ್ದು ಅತ್ತೆಗೆ.

“ಅಮ್ಮ, ನಾಳೆಯಿಂದ ಅಂಗಡಿಯ ಚೀಟಿ ನೀವೇ ಬರೀಬೇಕು.”

“ನನಗೆ ಕಣ್ಣು ಮಂಜು. ಹೇಳ್ತೀನಿ, ಅಳಿಯಂದಿರು ಬರ್ಕೊಳ್ತಾರೆ. ಅವರ ಅಕ್ಷರ ಮುತ್ತಿನ ಹಾಗಿದೆ.”

ಹೀಗೆ ನಾನು ಉಕ್ತಲೇಖಕನಾದೆ. ಮರುದಿನ ಸಂಜೆ ಅತ್ತೆ ಕಾಲು ಚಾಚಿ ಕೂತು ಹೇಳುತ್ತ ಹೋದರು, ನಾನು ಮುತ್ತು ಪೋಣಿಸುತ್ತ ಹೋದೆ. ಕೋಳಿಗೆ ಹುಯ್ದ ವೈನಿಗೆ, ‘ಪಾತ್ರೆಗೆ ಒಂದು ಲೋಟ, ಅಡುಗೆ ಮಾಡುವವರಿಗೆ ಒಂದು ಲೋಟ’ ಎಂದು ಬರೆಸಿದರು. ಐದನೆಯದಕ್ಕೆ ಬಂದಾಗ ಸ್ವಲ್ಪ ಯೋಚಿಸಿ ಹೇಳಿದರು: “ಬರೀರಿ. ‘ರುಚಿ ತಿಳಿಯದ ಅಳಿಯ ಮನೆಯಲ್ಲಿದ್ದರೆ ಇದೇ ಸಾಕು.’”

ನನ್ನ ಪೆನ್ನು ನಿಂತಿತು. “ಅತ್ತೆ, ಜನ ಏನಂದ್ಕೊಳ್ತಾರೆ?”

“ನಾನು ಯಾರ ಹೆಸರೂ ಹೇಳಿಲ್ಲವಲ್ಲ” ಎಂದರು ಅತ್ತೆ. ಹೆಂಡತಿ ಹಿಂದಿನಿಂದ ಬಗ್ಗಿ ಕಾಗುಣಿತ ನೋಡಿ, ಈ ಮನೆಯಲ್ಲಿ ಮೊದಲ ಬಾರಿಗೆ ನನಗೆ ಪೂರ್ಣಾಂಕ ಕೊಟ್ಟಳು.

ಎರಡು ವಾರದಲ್ಲಿ ಆ ಅಂಗಡಿಯಲ್ಲಿ ಅತಿ ಹೆಚ್ಚು ಮಾರಾಟವಾದದ್ದು ಐದನೆಯದು. ಊರಿನಲ್ಲಿ ಅಳಿಯಂದಿರು ಎಷ್ಟಿದ್ದಾರೆಂದು ನನಗೆ ತಿಳಿದದ್ದು ಆಗಲೇ. ಮೊನ್ನೆ ಅತ್ತೆ ಹೇಳಿದ ಬಾಟಲಿ ತರಲು ಹೋಗಿ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಹೆಂಗಸು ಕೈಚೀಲ ಬಿಡಿಸುತ್ತ, “ಆ ಅಳಿಯನ ವೈನು ಎರಡು ಕೊಡಿ” ಎಂದರು.

ಬಿರಡೆಯವರು ಹಿಗ್ಗಿನಿಂದ ನನ್ನತ್ತ ಕೈ ತೋರಿಸಿದರು. “ಅಮ್ಮಾ, ಆ ಅಳಿಯ ಇವರೇ.”

ಆಕೆ ತಿರುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಒಂದು ಸಲ ನಿಟ್ಟುಸಿರು ಬಿಟ್ಟರು.

“ಪಾಪ, ನಮ್ಮೋನೂ ಥೇಟ್ ಹೀಗೇ ಇದ್ದಾನೆ. ಮೂರು ಕೊಟ್ಟುಬಿಡಿ.”