ಹಳದಿ ಕೀಲಿಯ ವಿರುದ್ಧ ನನ್ನ ವಾದ

ವಾದದಲ್ಲಿ ಗೆದ್ದವನಿಗೆ ಮನೆಯಲ್ಲಿ ಚಹಾ ತಡವಾಗಿ ಸಿಗುತ್ತದೆ. ಇದು ನನ್ನ ಅನುಭವ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ಕಪ್ ಗೆದ್ದ ಮೇಲೆ ಯಾವ ಮಾತನ್ನೂ ಸುಮ್ಮನೆ ಒಪ್ಪುವುದು ನನ್ನಿಂದ ಆಗದಾಯಿತು. ಅದರಲ್ಲೂ ಬರೆದು ಕಳಿಸಿದ್ದನ್ನು ದಾರಿಯಲ್ಲಿ ಯಾರೂ ಓದುವುದಿಲ್ಲ ಎಂಬ ಮಾತನ್ನು. ನಮ್ಮ ಸೇಡಂನಿಂದ ಮಳಖೇಡದ ಅತ್ತೆಗೊಂದು ಚೀಟಿ ಬರೆದು ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ, ಅದು ಅತ್ತೆಯನ್ನು ಮುಟ್ಟುವ ಮೊದಲೇ ಅಲ್ಲಿನ ಸ್ಟ್ಯಾಂಡಿನ ಚಹಾದಂಗಡಿಯವರು ನಮ್ಮಜ್ಜಿಯ ಮೊಣಕಾಲು ನೋವಿಗೆ ಔಷಧ ಹೇಳಿ ಕಳಿಸುತ್ತಿದ್ದರು.

ಊರಿಗೆ ಇಂಟರ್‌ನೆಟ್ ಅಂಗಡಿ ಬಂದ ಹೊಸತು. ತಂಗಿ ವೈದೇಹಿಗೆ ಹೈದರಾಬಾದಿನಲ್ಲಿ ಓದುವ ಆಸೆ. ಅಪ್ಪನ ಲೆಕ್ಕದಲ್ಲಿ ಹೆಣ್ಣುಮಕ್ಕಳ ಭೂಗೋಳ ಗುಲಬರ್ಗಾಕ್ಕೆ ಮುಗಿಯುತ್ತಿತ್ತು. "ಸೀಟು ಸಿಗೋತನಕ ಅಪ್ಪಗ ಹೇಳಬ್ಯಾಡ ಅಣ್ಣಾ, ಮೊದಲೇ ಗೊತ್ತಾದ್ರ ಕಳಸಂಗಿಲ್ಲ" ಎಂದು ಆಣೆ ಮಾಡಿಸಿಕೊಂಡೇ ಆಕೆ ನನ್ನನ್ನು ಆ ಅಂಗಡಿಗೆ ಕರೆದೊಯ್ದಳು.

ಅರ್ಜಿ ತುಂಬುವಾಗ ಪರದೆಯ ಮೂಲೆಯಲ್ಲೊಂದು ಪುಟ್ಟ ಹಳದಿ ಕೀಲಿ, ಅಂದರೆ ಬೀಗದ ಚಿತ್ರ, ಕಂಡಿತು. ಅಂಗಡಿಯ ಖಲೀಲ್ ಭಾಯಿಯನ್ನು ಕರೆದು ವಿಚಾರಣೆ ಶುರುಮಾಡಿದೆ. ಆತ ಸಮಾಧಾನದ ಮನುಷ್ಯ. "ಆ ಕಡೀ ಕಾಲೇಜಿನವ್ರು ತೆರದ ಕೀಲಿ ಕಳಸ್ತಾರ್ರಿ, ಕೀಲಿಕೈ ತಮ್ಮ ಹತ್ರನೇ ಇಟ್ಕೊಂಡು. ಇಲ್ಲಿ ಹಾಕಿ ಒತ್ತಿದ್ರ ಅವರೇ ತೆಗೀಬೇಕು. ನಡುವ ಹಿಡದವ್ರಿಗೆ ಬರೇ ಗೀಚಿದಂಗ ಕಾಣ್ತದ" ಎಂದ. ಕೀಲಿ ಕಾಲೇಜಿನದೇ ಎಂಬುದಕ್ಕೆ ಆಧಾರವೇನೆಂದು ಕೇಳಿದೆ. ಅದರ ಮೇಲೆ ನಂಬಿಗಸ್ತರೊಬ್ಬರ ಮುದ್ರೆ ಇರುತ್ತದೆ, ಅದನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದ. ಉತ್ತರ ಸರಿಯಾಗಿತ್ತು. ಸರಿಯಾದ ಉತ್ತರ ಕೇಳಿದರೆ ನನಗೆ ಭಾಳ ಸಿಟ್ಟು. ಎದ್ದು ನಿಂತೆ. ಕೊನೆಯ ಬೆಂಚಿಗೆ ಮುಟ್ಟುವಂತೆ ಪಳಗಿಸಿದ ದನಿ ತಾನಾಗಿ ಹೊರಟಿತು: "ನನ್ನ ತಂಗಿ ಅಪ್ಪಗ ಹೇಳದ ಹೈದರಾಬಾದಿಗೆ ಅರ್ಜಿ ಹಾಕಾಕತ್ತಾಳ. ಇದನ್ನ ದಾರ್ಯಾಗ ಯಾರೂ ಓದಂಗಿಲ್ಲ ಅನ್ನಾಕ ಏನ್ರಿ ಸಾಕ್ಷಿ?"

ವೈದೇಹಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪಕ್ಕದ ಹಲಗೆಯಾಚೆ ಯಾರೋ ಕೆಮ್ಮಿದರು. ಅಪ್ಪ ಕಲಿಸುವ ಶಾಲೆಯಲ್ಲೇ ಪಾಠ ಹೇಳುವ ಗುಂಡಾಚಾರ್ ಮಾಸ್ತರರು, ಮಗನ ರಿಸಲ್ಟ್ ನೋಡಲು ಬಂದವರು. ಅವರಿಗೆ ಸೈಕಲ್ಲಿತ್ತು, ನಾವು ನಡೆದು ಬಂದಿದ್ದೆವು.

ಮನೆ ಮುಟ್ಟಿದಾಗ ಅಪ್ಪ ಬಾಗಿಲಲ್ಲೇ ಕೂತಿದ್ದರು. ತಪ್ಪು ನನ್ನದು, ಕೀಲಿಯದಲ್ಲ ಎಂದು ವಾದ ಹೂಡಿದೆ. ಮೊದಲ ಸಲ ಅಪ್ಪ ನನ್ನ ವಾದ ಒಪ್ಪಿದರು. ಮೂರನೆಯ ದಿನ, "ಅಲ್ಲಿ ಹಾಸ್ಟೆಲಿನ್ಯಾಗ ಊಟ ಹ್ಯಾಂಗವಾ?" ಎಂದು ವೈದೇಹಿಯನ್ನೇ ಕೇಳಿದರು. ಮುಚ್ಚಿಟ್ಟದ್ದಕ್ಕೆ ಸಿಟ್ಟಿತ್ತಂತೆ, ಹೋಗುವುದಕ್ಕಲ್ಲ.

ಆಕೆ ಹೋದಳು, ಓದಿದಳು. ನನಗೆ ಮಾತ್ರ ಇಂದಿಗೂ ತಾನು ರಜೆಗೆ ಬರುವ ಬಸ್ಸಿನ ಹೊತ್ತನ್ನೂ ಹೇಳುವುದಿಲ್ಲ. ಗುಂಡಾಚಾರ್ ಮಾಸ್ತರರನ್ನು ಕೇಳಿ ತಿಳಿದುಕೊಳ್ಳುತ್ತೇನೆ.