ಕಳ್ಳ ಪಂಚಾಂಗ ನೋಡಿರಲಿಲ್ಲ

ನನ್ನನ್ನು ಕದ್ದರು. ಗಾಬರಿಯಾಗಬೇಡಿ, ದೇಹ ಹಿರೇಕೆರೂರಿನ ನಮ್ಮ ಪಡಸಾಲೆಯಲ್ಲೇ ಇದೆ. ಕಳುವಾದದ್ದು ನನ್ನ ಹೆಸರು ಮತ್ತು ಫೋಟೋ. ಯಾವನೋ ಮಹಾನುಭಾವ ಅವೆರಡನ್ನೂ ಅಂಟಿಸಿ ಫೇಸ್‌ಬುಕ್ಕಿನಲ್ಲಿ ಇನ್ನೊಬ್ಬ ವೇದವ್ಯಾಸ ಮಾಸ್ತರನನ್ನು ಹುಟ್ಟಿಸಿ, ನನ್ನ ಬಳಗಕ್ಕೆಲ್ಲ ಬರೆದಿದ್ದ: ‘ಹೋಟೆಲಿನಲ್ಲಿ ಊಟ ಮಾಡಿದೆ. ಪಾಕೀಟು ಮರೆತು ಬಂದಿದ್ದೇನೆ. ಬಿಲ್ಲಿನ ಹಣ ಈ ನಂಬರಿಗೆ ಹಾಕಿ.’

ಸಂಜೆ ಸವಣೂರಿನಿಂದ ಸೋದರಳಿಯ ಮಧ್ವೇಶ ಫೋನ್ ಮಾಡಿದ.

“ಮಾಮಾ, ನಿಮ್ಮ ಹೆಸರಿನ್ಯಾಗ ಯಾರೋ ರೊಕ್ಕಾ ಕೇಳ್ಲಿಕ್ಕತ್ತಾರ. ಖರೇನ ನೀವ ಏನು?”

“ಯಾವಾಗ ಬಂತದು?”

“ಇವತ್ತ ಮಧ್ಯಾಹ್ನ.”

ನಾನು ಕುಣಿಯುವುದೊಂದು ಬಾಕಿ! ಏಕೆಂದರೆ ಅಂದು ಏಕಾದಶಿ. ನಮ್ಮವರು ಅಂದು ಅನ್ನ ಮುಟ್ಟುವುದಿಲ್ಲ. ಮರುದಿನ ದ್ವಾದಶಿಯ ಬೆಳಿಗ್ಗೆ ಪಾರಣೆಯ ಊಟ ಮಾಡಿ ಉಪವಾಸ ಮುಗಿಸುತ್ತಾರೆ. ಈ ವಿಷಯದಲ್ಲಿ ನನ್ನ ಕೀರ್ತಿ ದಿಗಂತ ವಿಶ್ರಾಂತ. ಮಠದಲ್ಲಿ ಏಕಾದಶಿ ಮಹಿಮೆಯ ಉಪನ್ಯಾಸ ಪ್ರತಿವರ್ಷ ನನ್ನದೇ. ಈ ವರ್ಷದ್ದು ಮುಂದಿನ ವಾರವೇ ಇತ್ತು. ನಾನು ಹೋಟೆಲಿನಲ್ಲಿ ಉಂಡೆನೆಂದು ಒಬ್ಬರು ನಂಬಿದರೂ ಸಾಕು, ಮೈಕು ಹಾನಗಲ್ಲಿನ ಬಿಂದುಮಾಧವಾಚಾರ್ಯರ ಕೈಗೆ ಹೋಗುತ್ತಿತ್ತು. (ಅವರು ಬಹಳ ವರ್ಷಗಳಿಂದ ಅದರ ಮೇಲೆ ಕಣ್ಣಿಟ್ಟಿದ್ದಾರೆ.)

“ನೋಡು ಗೋಪಿಕಾ,” ಎಂದು ಹೆಂಡತಿಯನ್ನು ಕರೆದೆ. “ಕಳ್ಳ ನನ್ನ ಹೆಸರು ಕದ್ದ, ಫೋಟೋದಾಗಿನ ಮಾರಿ ಕದ್ದ. ಪಂಚಾಂಗ ನೋಡೋದೊಂದು ಮರತ! ಏಕಾದಶಿ ದಿನ ನಾ ಉಂಡೆ ಅಂದ್ರ ಯಾರು ನಂಬ್ತಾರ?”

“ನಿಮ್ಮ ಹೊಗಳಿಕಿ ಆಮ್ಯಾಲೆ ಮಾಡ್ಕೊಳ್ರಿ. ಮೊದಲ ಪೊಲೀಸರಿಗೆ ಹೇಳ್ರಿ.”

ಹೇಳಿದೆ. ಸೈಬರ್ ಸಹಾಯವಾಣಿಗೆ ದೂರು ಕೊಟ್ಟೆ. ನಕಲಿ ಖಾತೆಯ ಮೇಲೆ ವರದಿ ಒತ್ತಿದೆ, ನನ್ನ ಖಾತೆಯ ಪಾಸ್‌ವರ್ಡ್ ಬದಲಿಸಿದೆ. ಈ ವಯಸ್ಸಿನಲ್ಲಿ ಇಷ್ಟು ಚುರುಕಾಗಿ ಯಾರು ಮಾಡುತ್ತಾರೆ ಹೇಳಿ! ಕೊನೆಗೆ ಫೋನಿನಲ್ಲಿದ್ದ ಪ್ರತಿಯೊಬ್ಬರಿಗೂ ಒಂದು ಎಚ್ಚರಿಕೆ ಕಳಿಸಿದೆ: ‘ಏಕಾದಶಿಯಂದು ಹೋಟೆಲಿನಲ್ಲಿ ಉಂಡು ಪಾಕೀಟು ಮರೆತ ವೇದವ್ಯಾಸ ನಕಲಿ. ಯಾರೂ ನಂಬಬೇಡಿ.’ ಹಾಲಿನವನಿಂದ ಹಿಡಿದು ನಿವೃತ್ತ ತಹಸೀಲ್ದಾರರ ತನಕ ಒಬ್ಬರನ್ನೂ ಬಿಡಲಿಲ್ಲ. (ಅರೆಬರೆ ಕೆಲಸ ನನ್ನ ಜಾಯಮಾನದಲ್ಲಿಲ್ಲ.)

ಮರುದಿನ ಬೆಳಿಗ್ಗೆ ಪಾರಣೆಗೆ ಮಠದ ನಾಲ್ಕು ಮಂದಿ ನಮ್ಮಲ್ಲಿಗೇ ಬಂದರು. ಸ್ವತಃ ಬಿಂದುಮಾಧವಾಚಾರ್ಯರೇ, “ಮಾಸ್ತರ, ನಿಮ್ಮ ಆಚಾರನ ನಿಮ್ಮನ್ನ ಕಾಯ್ತು ನೋಡ್ರಿ,” ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಎಲೆ ಹಾಕಿ ಎಲ್ಲರೂ ಕುಳಿತಿದ್ದೆವು. ಅಷ್ಟರಲ್ಲಿ ಬಾಗಿಲ ಮುಂದೆ ಬೈಕು ನಿಂತಿತು. ಹಂಸಭಾವಿಯಲ್ಲಿ ಖಾನಾವಳಿ ನಡೆಸುವ ಮೈಲಾರಿ ಫೋನು ಹಿಡಿದು ಒಳಗೆ ನುಗ್ಗಿದ. ಸಿಟ್ಟಿನಿಂದ ಕೆಂಪಾಗಿದ್ದ.

“ಯಾವನ್ರೀ ಅಂವಾ, ನಮ್ಮ ಮಾಸ್ತರ ಹೆಸರು ಕೆಡಸಾಕತ್ತಾನ? ಯಾ ಪೊಲೀಸ್ರು ಕರದ್ರೂ ನಾ ಸಾಕ್ಷಿ ಹೇಳ್ತೇನಿ! ಮಾಸ್ತರು ಪಾಕೀಟು ಮರತಿಲ್ರಿ. ನಿನ್ನಿ ಮಧ್ಯಾಹ್ನ ನಮ್ಮಲ್ಲಿ ಉಂಡು, ಕೈ ತೊಳಕೊಂಡ ಕೂಡ್ಲೇ ಬಿಲ್ ಕೊಟ್ಟ ಹೋಗ್ಯಾರ. ಒಂದು ಏಕಾದಶಿಗೂ ಬಾಕಿ ಇಟ್ಟ ಮನಷ್ಯಾ ಅಲ್ರೀ ಇವ್ರು!”

ನಾನು ಹುಬ್ಬಿನಿಂದ ಸನ್ನೆ ಮಾಡಿದೆ. ಪುಣ್ಯಾತ್ಮ ಅದನ್ನು ಪ್ರೋತ್ಸಾಹವೆಂದು ತಿಳಿದ.

“ಉಳ್ಳಾಗಡ್ಡಿ ಎರಡ ಸಲ ಹಾಕಿಸ್ಕೊಂಡ್ರ ಅದಕ್ಕೂ ಬ್ಯಾರೆ ಕೊಡ್ತಾರ್ರೀ!”

(ನಮ್ಮ ಮನೆಗಳಲ್ಲಿ ಈರುಳ್ಳಿಯ ಹೆಸರು ಹೇಳುವುದೂ ನಿಷಿದ್ಧ.) ಬಿಂದುಮಾಧವಾಚಾರ್ಯರು ಮೆಲ್ಲಗೆ ಕೆಮ್ಮಿ, “ಮುಂದಿನ ವಾರದ ಉಪನ್ಯಾಸದ ಚಿಂತಿ ನೀವು ಬಿಡ್ರಿ ಮಾಸ್ತರ, ನಾ ನೋಡ್ಕೋತೀನಿ,” ಎಂದರು.

ಗೋಪಿಕಾ ನನ್ನ ಮುಂದಿನ ಎಲೆ ಎತ್ತಿ ಮೈಲಾರಿಗೆ ಹಾಕಿದಳು.

“ಕೂಡ್ರಿ ಮೈಲಾರೆಪ್ಪ, ಇಷ್ಟ ದೂರದಿಂದ ಬಂದೀರಿ. ಇವರದು ಪಾರಣೆ ನಿನ್ನೇನ ಆಗೇದ.”

ಇಡೀ ಹಿರೇಕೆರೂರಿನಲ್ಲಿ ದ್ವಾದಶಿಯಂದು ನಿರಾಹಾರ ವ್ರತ ಆಚರಿಸಿದವನು ನಾನೊಬ್ಬನೇ ಎಂದು ಹೆಮ್ಮೆಯಿಂದ ಹೇಳಬಲ್ಲೆ.