ಅಕ್ಕನ ಕ್ಲಾಸಿನ ಮಾನಿಟರ್

ನಮ್ಮ ಅಕ್ಕ ಬೆಳಿಗ್ಗೆ ವಾಕಿಂಗಿಗೆ ಹೊರಟರೆ ಬೆಳಗಾವಿಯ ರಾಮತೀರ್ಥ ನಗರದ ಬೀದಿನಾಯಿಗಳು ಸಾಲಾಗಿ ನಿಲ್ಲುತ್ತಿದ್ದವು ಎಂದರೆ ನೀವು ನಂಬುವುದಿಲ್ಲ. ಬರೀ ಸಾಲಾಗಿ ಅಲ್ಲ, ಎತ್ತರದ ಪ್ರಕಾರ! ಗಿಡ್ಡವು ಮುಂದೆ, ಎತ್ತರದವು ಹಿಂದೆ. ಸರಿ, ಸ್ವಲ್ಪ ಹೆಚ್ಚಿಸಿ ಹೇಳಿದೆ. ಆದರೆ ಅವಳನ್ನು ಕಂಡು ಒಂದು ನಾಯಿಯೂ ಬೊಗಳುತ್ತಿರಲಿಲ್ಲ ಎಂಬುದಂತೂ ಖರೆ.

ಅಕ್ಕ ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದಳು. ಅವಳ ಸೀಟಿಯ ಬಗ್ಗೆ ಊರಲ್ಲಿ ಒಂದು ಕಥೆ ಉಂಟು. ಒಂದು ದಿನ ಮೈದಾನದಲ್ಲಿ ಅಕ್ಕ ಸೀಟಿ ಊದಿದ್ದಕ್ಕೆ, ಬಾಜೂಕಿನ ಹಳಿಯ ಮೇಲೆ ಲೋಂಡಾ ಕಡೆ ಹೊರಟಿದ್ದ ಪ್ಯಾಸೆಂಜರ್ ಗಾಡಿ ಗಕ್ಕನೆ ನಿಂತಿತಂತೆ. ಆಮೇಲೆ ವಿಚಾರಿಸಿದರೆ, ಡ್ರೈವರ್ ಅವಳ ಹಳೆಯ ವಿದ್ಯಾರ್ಥಿ! ಪಾಪ, ಕೈ ತಾನಾಗಿಯೇ ಬ್ರೇಕ್ ಹಾಕಿಬಿಟ್ಟಿದೆ.

ಇಂಥವಳು ನಿವೃತ್ತಿಯಾದ ಮೇಲೆ ಬೆಳಗಾವಿಯಲ್ಲಿ ಒಬ್ಬಳೇ ಸಣ್ಣ ಮನೆ ಮಾಡಿಕೊಂಡು, ಒಂದು ಹಕ್ಕಿ ಸಾಕಿದಳು. ಆ ಹಕ್ಕಿ ಈಗ ಖಾನಾಪುರದ ನಮ್ಮ ಮನೆಯಲ್ಲಿದೆ. ಅಕ್ಕ ಇಲ್ಲ. ಹೋಗಿ ಮೂರು ತಿಂಗಳಾಯಿತು. ಬಂದ ಹೊಸತರಲ್ಲಿ ಹಕ್ಕಿ ನನ್ನ ಕೈಯಿಂದ ಕಾಳು ತಿನ್ನುತ್ತಿರಲಿಲ್ಲ, ತನ್ನ ಎದೆಯ ಗರಿ ತಾನೇ ಕಿತ್ತುಕೊಳ್ಳುತ್ತಿತ್ತು, ಇಡೀ ದಿನ ಕೋಲಿನ ಮೇಲೆ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯುತ್ತಿತ್ತು. ಅದನ್ನು ಇಟ್ಟುಕೊಳ್ಳುವುದೋ, ತಂದ ಕಡೆಗೇ ಕಳಿಸುವುದೋ? ಇದೊಂದೇ ಪ್ರಶ್ನೆ ಹಿಡಿದುಕೊಂಡು ಪಡಸಾಲೆಯಲ್ಲಿ ನಾನೂ ನಡೆಯುತ್ತಿದ್ದೆ. ನನ್ನ ಹೆಂಡತಿ ನೋಡುವಷ್ಟು ನೋಡಿ ಹೇಳಿದಳು: "ಇಬ್ಬರಾಗ ಒಬ್ಬರರ ಕುಂದರ್ರಿ. ನನಗ ತಲಿ ತಿರಗಾಕ ಹತ್ತೇತಿ."

ಆಗ ಕೂರಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರೆಯುವವನು ಕೂರಲೇಬೇಕಲ್ಲ!

ಹಕ್ಕಿ ಎಂದರೆ ಪೇರಲ ಗಿಡಕ್ಕೆ ಬರುವ ಗಿಳಿ ಅಲ್ಲ. ಯಾರಾದರೂ "ಗಿಳಿ ಚಂದ ಐತ್ರಿ" ಎಂದರೆ ಅಕ್ಕ ಅವರನ್ನು ಬೆಂಚಿನ ಮೇಲೆ ನಿಲ್ಲಿಸುವವಳಂತೆ ನೋಡಿ, "ಗಿಳಿ ಅಲ್ಲ, ಮಕಾವ್. ಮಿನಿ ಮಕಾವ್" ಎನ್ನುತ್ತಿದ್ದಳು. ಮೈಯೆಲ್ಲ ಹಸಿರು, ಕಣ್ಣಿನ ಸುತ್ತ ಬಿಳಿ ಬೋಳು ಚರ್ಮ, ರೆಕ್ಕೆ ಎತ್ತಿದರೆ ಒಳಗೆ ಕೆಂಪು. ದೊಡ್ಡ ಮಕಾವಿನ ಗಾತ್ರವಿಲ್ಲ, ಆದರೆ ಗಂಟಲು ಮಾತ್ರ ಅದರದೇ. ಹುಬ್ಬಳ್ಳಿಯಲ್ಲಿ ಇಂಥ ಹಕ್ಕಿಗಳ ಮರಿ ಮಾಡಿಸುವವರೊಬ್ಬರಿಂದ, ಕಾಗದಪತ್ರ ಸಮೇತ ತಂದಿದ್ದಳು. ತಂದ ದಿನ ಅದು ನೆಟ್ಟಗೆ ನಿಂತು, ನೋಡಲು ಹೋದ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಪರೀಕ್ಷಿಸಿತು. ಯಾರು ಗದ್ದಲ ಮಾಡುತ್ತಿದ್ದಾರೆ ಎಂದು ಹೆಸರು ಬರೆದುಕೊಳ್ಳುವ ಹಾಗೆ! ಅಕ್ಕ ಅಲ್ಲೇ ಹೆಸರಿಟ್ಟಳು: ಮಾನಿಟರ್.

"ಅಕ್ಕಾ, ಇದು ಮೂವತ್ತು ವರ್ಷ ಬದುಕತೈತಂತ. ನಿನಗ ಈಗ ಅರವತ್ತು. ಲೆಕ್ಕಾ ಮಾಡೀಯೇನು?" ಎಂದು ನಾನು ಕೇಳಿದ್ದೆ.

"ಮಾಡೀನಲ್ಲ! ತೊಂಬತ್ತರ ತನಕಾ ಡ್ಯೂಟಿ ಸಿಕ್ಕಂಗಾತು" ಎಂದಿದ್ದಳು.

ಆ ದಿನದಿಂದ ಶುರುವಾಯಿತು ನೋಡಿ ನಮ್ಮ ವನವಾಸ. ಹಕ್ಕಿಗಳ ಎದೆಗೂಡು ಬಹಳ ನಾಜೂಕು, ಹೊಗೆ ತಡೆಯುವುದಿಲ್ಲ ಎಂದು ಅಕ್ಕ ಎಲ್ಲೋ ಓದಿದಳು. ಮೊದಲು ಮನೆಯಿಂದ ಹೊರಬಿದ್ದದ್ದು ನಾನ್‌ಸ್ಟಿಕ್ ತವೆ. ಅದು ಕಾದರೆ ಹಕ್ಕಿಗೆ ವಿಷವಂತೆ. ಎರಡನೆಯದಾಗಿ ಹೊರಬಿದ್ದವನು ನಾನು. ಖಾನಾಪುರದ ಹಂಚಿನ ಭಟ್ಟಿಯಲ್ಲಿ ನನ್ನ ಕೆಲಸ. ಅಂಗಿಗೆ ಹೊಗೆ ವಾಸನೆ ಇರುವುದೇ. ಅಕ್ಕನ ಮನೆಗೆ ಹೋದರೆ ಗೇಟಿನಲ್ಲೇ ತಡೆದು, ಅಂಗಿ ಬಿಚ್ಚಿಸಿ ಗೇಟಿಗೆ ನೇತುಹಾಕಿಸುತ್ತಿದ್ದಳು. ಬದಲಿಗೆ ತನ್ನ ನೀಲಿ ಟ್ರ್ಯಾಕ್‌ಸೂಟಿನ ಮೇಲಂಗಿ ಕೊಡುತ್ತಿದ್ದಳು. ಐವತ್ತು ದಾಟಿದ ನಾನು ಅದನ್ನು ತೊಟ್ಟು, ಬೆನ್ನ ಮೇಲೆ ಶಾಲೆಯ ಹೆಸರು ಹೊತ್ತು, ಚಹಾ ಕುಡಿಯುತ್ತಿದ್ದೆ. ಬಂದವರು "ಟೀಚರ್, ಕಬಡ್ಡಿ ಕೋಚ್ ಬಂದಾರೇನ್ರಿ?" ಎಂದು ಕೇಳಿದ್ದೂ ಉಂಟು.

ಮೂರನೆಯದು ಊದಿನಕಡ್ಡಿ. ಶ್ರಾವಣ ಸೋಮವಾರ ಪೂಜೆಗೆ ಬಂದ ಅಯ್ಯನವರು ಜೋಳಿಗೆಯಿಂದ ಕಟ್ಟು ತೆಗೆಯುವುದಕ್ಕೂ ಅಕ್ಕ ಕೈ ಅಡ್ಡ ಹಿಡಿಯುವುದಕ್ಕೂ ಸರಿಹೋಯಿತು.

"ಧೂಪ ಇಲ್ಲದ ಪೂಜಿ ಹೆಂಗರೀ ಟೀಚರ್?"

"ಅಯ್ಯಾರ, ದೇವರಿಗೆ ಕೆಮ್ಮು ಬರೂದಿಲ್ಲ. ಇವಗ ಬರತೈತಿ."

ಅಯ್ಯನವರು ದೇವರನ್ನು ನೋಡಿದರು, ಹಕ್ಕಿಯನ್ನು ನೋಡಿದರು, ಕೊನೆಗೆ ಅಕ್ಕನನ್ನು ನೋಡಿ ಕಟ್ಟನ್ನು ಜೋಳಿಗೆಗೆ ಇಳಿಸಿದರು. ಅವರೂ ಅದೇ ಹೈಸ್ಕೂಲಿನಲ್ಲಿ ಕಲಿತವರು.

ಇನ್ನು ತತ್ತಿಯ ಪ್ರಸಂಗ ಹೇಳಲೇಬೇಕು. ವಾರಕ್ಕೊಮ್ಮೆ ಬೇಯಿಸಿದ ತತ್ತಿಯ ಚೂರು ಕೊಟ್ಟರೆ ಹಕ್ಕಿಯ ಗರಿಗೆ ಒಳ್ಳೆಯದು ಎಂದು ಪಶುವೈದ್ಯರು ಹೇಳಿದರು. ನಮ್ಮದು ಲಿಂಗವಂತರ ಮನೆ. ನಮ್ಮ ಮುತ್ತಜ್ಜನ ಕಾಲದಿಂದ ತತ್ತಿ ಹೊಸ್ತಿಲು ದಾಟಿಲ್ಲ. ಅಕ್ಕ ಅಂಗಡಿಗೆ ಹೋಗುವಂತಿಲ್ಲ. ಯಾವ ಅಂಗಡಿಯಲ್ಲಿ ಯಾವ ಹಳೆಯ ವಿದ್ಯಾರ್ಥಿ ಕೂತಿರುತ್ತಾನೋ! ಹಾಗಾಗಿ ನಾನು ಖಾನಾಪುರದಿಂದ ಎರಡು ತತ್ತಿಗಳನ್ನು ಊಟದ ಡಬ್ಬಿಯಲ್ಲಿ ಹತ್ತಿಯೊಳಗಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಹಿತ್ತಲಲ್ಲಿ ಸ್ಟೋವ್ ಹೊತ್ತಿಸಿದೆವು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಅಕ್ಕ ಕೇಳಿದಳು:

"ತಮ್ಮಾ, ಸಿಪ್ಪಿ ಕುದಿಸೂಕ್ಕಿಂತ ಮೊದಲ ತಗೀಬೇಕೋ, ಕುದಿಸಿದ ಮ್ಯಾಲೋ?"

ನನಗೇನು ಗೊತ್ತು? ಶೇಂಗಾ ಸಿಪ್ಪೆ ಸಮೇತ ಕುದಿಸುತ್ತೇವೆ, ಬೆಳ್ಳುಳ್ಳಿ ಸುಲಿದು ಹಾಕುತ್ತೇವೆ. ತತ್ತಿ ಯಾವ ಜಾತಿಗೆ ಸೇರಿದ್ದು? ಬಹಳ ವಿಚಾರ ಮಾಡಿ, "ಮೊದಲ ತಗಿಯೂಣು, ಸ್ವಚ್ಛ ಇರತೈತಿ" ಎಂದೆ. ತೆಗೆದೆ. ಮೊಣಕೈವರೆಗೂ ಸೋರಿತು. ನಮ್ಮಿಬ್ಬರ ಚೀರಾಟ ಕೇಳಿ ಎಲ್ಲರೂ ಕಾಕು ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸು ಕಂಪೌಂಡಿನ ಮೇಲೆ ಇಣುಕಿದರು. "ಅಗ ಬಾಯಿ! ಟೀಚರ್, ಏನ ನಡಿಸೀರಿ ಇದು!" ಎಂದು ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಎರಡನೆಯ ತತ್ತಿಯನ್ನು ತಾವೇ ಬೇಯಿಸಿ, ಸುಲಿದು, ಬಟ್ಟಲಲ್ಲಿಟ್ಟು ಕೊಟ್ಟರು. ಅಕ್ಕ ಒಂದು ಚೂರನ್ನು ಚಮಚೆಯಲ್ಲಿ ಹಿಡಿದಳು. ಮಾನಿಟರ್ ಮೂಸಿದ, ಕೊಕ್ಕಿನಿಂದ ಎತ್ತಿ ನೆಲಕ್ಕೆ ಒಗೆದ, ಹೋಗಿ ಜೋಳದ ರೊಟ್ಟಿಯ ಅಂಚು ಕಡಿಯುತ್ತ ಕುಳಿತ. ನಮಗಿಂತ ಕಟ್ಟಾ ಲಿಂಗವಂತ!

ತರಬೇತಿಯ ವಿಷಯಕ್ಕೆ ಬಂದರೆ ನನಗೆ ಈಗಲೂ ಹೊಟ್ಟೆಕಿಚ್ಚು. ಮಕಾವ್ ಕೂಗಿದಾಗ ನಾವು ಬೈದು ಕೂಗಿದರೆ ಅದಕ್ಕೆ ಚಪ್ಪಾಳೆ ತಟ್ಟಿದಂತೆ ಆಗುತ್ತದಂತೆ. ಇನ್ನಷ್ಟು ಕೂಗುತ್ತದಂತೆ. ಆದ್ದರಿಂದ ಅದು ಕೂಗಿದರೆ ಸುಮ್ಮನೆ ಬೆನ್ನು ತಿರುಗಿಸಬೇಕು, ಸುಮ್ಮನಾದಾಗ ಮೆಲ್ಲಗೆ ಮಾತಾಡಿಸಬೇಕು. ಅದು ಕಚ್ಚಿದರೆ ಕೈ ಎಳೆದುಕೊಳ್ಳುವಂತಿಲ್ಲ, "ಹಾ" ಎನ್ನುವಂತಿಲ್ಲ. ಇಡೀ ಮೈದಾನ ನಡುಗಿಸಿದ ನಮ್ಮ ಅಕ್ಕ ಅರವತ್ತರ ವಯಸ್ಸಿನಲ್ಲಿ ಪಿಸುಮಾತು ಕಲಿತಳು!

ಇನ್ನೂ ಕೇಳಿ. ಶಾಲೆಯಿಂದ ತಂದಿದ್ದ ಬೆತ್ತವನ್ನು ಗೇಣುದ್ದ ಕತ್ತರಿಸಿ, ತುದಿ ಉಜ್ಜಿ ನುಣುಪು ಮಾಡಿದಳು. ಬೆತ್ತದ ತುದಿಯನ್ನು ಮಾನಿಟರ್ ಕೊಕ್ಕಿನಿಂದ ಮುಟ್ಟಿದರೆ ನಾಲಗೆಯಿಂದ "ಟಕ್" ಎನ್ನುವುದು, ಒಂದು ಸೂರ್ಯಕಾಂತಿ ಬೀಜ ಕೊಡುವುದು. ಬೆತ್ತ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಕೊನೆಗೆ ಕೈ ಮೇಲೆ. ಹದಿನೈದು ದಿನದಲ್ಲಿ "ಹತ್ತು" ಎಂದರೆ ಹತ್ತಿ ನಿಲ್ಲುತ್ತಿದ್ದ. ಬೆತ್ತದ ಇನ್ನೊಂದು ಉಪಯೋಗ ನನ್ನ ಅಂಗೈಗೆ ಚೆನ್ನಾಗಿ ಗೊತ್ತು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ, ಅಕ್ಕನಿಗೆ ಹದಿನೈದು. ನನ್ನನ್ನು ಬೆಳೆಸಿದವಳು ಅವಳೇ, ಬಡಿದವಳೂ ಅವಳೇ. ಮಗ್ಗಿ ತಪ್ಪಿದರೆ ಎರಡು, ಸುಳ್ಳು ಹೇಳಿದರೆ ನಾಲ್ಕು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ನನಗ ಯಾಕ ಹಿಂಗ ಕಲಿಸಲಿಲ್ಲ ಅಕ್ಕಾ? ಒಂದ್ ಬೀಜಾರ ಕೊಡಬೇಕಿಲ್ಲ?"

ಅವಳು ಮಾನಿಟರನ ಕುತ್ತಿಗೆ ಕೆರೆಯುತ್ತ, "ನೀ ಕಚ್ಚತಿದ್ದಿಲ್ಲಲ್ಲೋ" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಎದ್ದುಹೋಗಿ ನನಗೂ ಒಂದು ಬಟ್ಟಲು ಹುರಿದ ಶೇಂಗಾ ತಂದಿಟ್ಟಳು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಕ್ಕನಿಗೆ ಎದೆ ಹಿಡಿದುಕೊಂಡಿತು. ತಾನೇ ಆಟೋ ಕರೆಸಿದಳು. ಹೋಗುವ ಮುಂಚೆ ಪಂಜರದ ನೀರು ಬದಲಿಸಿ, ಕೀಲಿಯನ್ನು ಕಾಕು ಕೈಗೆ ಕೊಟ್ಟು ಆಸ್ಪತ್ರೆಗೆ ಹೋದಳು. ಎರಡನೆಯ ದಿನ ಲಿಂಗೈಕ್ಯಳಾದಳು. ನಮ್ಮ ಪದ್ಧತಿಯಂತೆ ಅಂಗಳದಲ್ಲಿ ಕೂಡಿಸಿ ಹೂವಿನಿಂದ ಸಿಂಗರಿಸಿದರು. ಬೆನ್ನು ನೆಟ್ಟಗೆ, ತಲೆ ನೆಟ್ಟಗೆ. ನೋಡಲು ಬಂದ ಹಳೆಯ ವಿದ್ಯಾರ್ಥಿಗಳು ಯಾರೂ ಹೇಳದೆಯೇ ಸಾಲಾಗಿ ನಿಂತರು. ಬಂದವರ ಕೈಯಲ್ಲೆಲ್ಲ ಊದಿನಕಡ್ಡಿ. ಒಳಗೆ ಹಿಂದಿನ ಕೋಣೆಯಲ್ಲಿ ಹಕ್ಕಿ. ನಾನು ಗೇಟಿನಲ್ಲಿ ನಿಂತು ಒಬ್ಬೊಬ್ಬರ ಕೈಯಿಂದ ಕಟ್ಟು ಇಸಿದುಕೊಂಡೆ. "ಎಂಥಾ ತಮ್ಮನವಾ ಇಂವ, ಒಂದ್ ಕಡ್ಡಿ ಸೈತ ಹಚ್ಚಾಕ ಬಿಡವಲ್ಲ!" ಎಂದು ಸಂಬಂಧಿಕರು ಗೊಣಗಿದರು. ಅಯ್ಯನವರೇ ಅವರ ಬಾಯಿ ಮುಚ್ಚಿಸಿದರು: "ಬ್ಯಾಡ ಬಿಡ್ರಿ. ಟೀಚರ್ ಎದ್ದು ಬೈದ್ರ ಯಾರು ಕೇಳಾವ್ರು?"

ಮಾನಿಟರ್ ಹೀಗೆ ಖಾನಾಪುರಕ್ಕೆ ಬಂದ. ನಾನು ಭಟ್ಟಿಯಿಂದ ಬಂದವನೇ ಹಿತ್ತಲಲ್ಲಿ ಜಳಕ ಮಾಡಿ, ಅಂಗಿ ಬದಲಿಸಿ ಒಳಗೆ ಬರತೊಡಗಿದೆ. ಹೆಂಡತಿ ಸೊಂಟಕ್ಕೆ ಕೈಯಿಟ್ಟು ಹೇಳಿದಳು: "ಇಪ್ಪತ್ತೆಂಟು ವರ್ಷ ಬಾಯಿ ಹರಕೊಂಡೆ, ಬಂದ ಕೂಡಲೆ ಜಳಕಾ ಮಾಡ್ರಿ ಅಂತ. ಕೇಳಲಿಲ್ಲ. ಅದು ಬಾಯಿನ ಬಿಡಲಿಲ್ಲ, ಕೇಳಿದ್ರಿ!"

ಆದರೆ ಜಳಕದಿಂದ ಏನಾಗಬೇಕು? ಬೆತ್ತದ ತುದಿ ಹಿಡಿದರೆ ಮುಖ ತಿರುಗಿಸುತ್ತಿದ್ದ. "ಹತ್ತು" ಎಂದರೆ ಕಚ್ಚುತ್ತಿದ್ದ. ನಾಲ್ಕು ಬೆರಳಿಗೆ ಪಟ್ಟಿ ಬಿತ್ತು. ಎದೆಯ ಮೇಲೆ ರೂಪಾಯಿ ಅಗಲದ ಬೋಳು ಕಾಣಿಸಿತು, ಮರುವಾರ ಅಂಗೈಯಗಲವಾಯಿತು. ದಿನಾ ಬೆಳಿಗ್ಗೆ ಪಂಜರ ಸಮೇತ ತಕ್ಕಡಿಯ ಮೇಲೆ ಇಟ್ಟರೆ ಮುಳ್ಳು ಕೆಳಗೇ ಇಳಿಯುತ್ತಿತ್ತು. ವೈದ್ಯರು ರೋಗವೇನೂ ಇಲ್ಲ ಎಂದರು. "ಮನಸ್ಸಿಗೆ ಹಚ್ಚಿಕೊಂಡೈತ್ರಿ. ಹೊಂದಿಕೊಂಡರ ಉಳೀತೈತಿ." ಹೊಂದಿಕೊಳ್ಳದಿದ್ದರೆ? ಊಟಕ್ಕೆ ಕೂತರೆ ಏಳುತ್ತಿದ್ದೆ, ಎದ್ದರೆ ಯಾಕೆ ಎದ್ದೆ ಎಂದು ಮರೆಯುತ್ತಿತ್ತು. ನನ್ನ ಕೈಯಲ್ಲಿ ಸಾಯುವುದಕ್ಕಿಂತ ತಿಳಿದವರ ಹತ್ತಿರ ಬದುಕಲಿ ಎಂದು ಕೊನೆಗೆ ಹುಬ್ಬಳ್ಳಿಯವರಿಗೆ ಫೋನ್ ಮಾಡಿದೆ. ರವಿವಾರ ಬಂದು ಒಯ್ಯುತ್ತೇನೆ ಎಂದರು.

ರವಿವಾರ ಬಂದರು. ಒಳ್ಳೆಯ ಮನುಷ್ಯ. ಸಣ್ಣ ಪಂಜರ ಕೆಳಗಿಟ್ಟು, ಕೈಗೆ ದಪ್ಪ ಚರ್ಮದ ಗವಸು ಏರಿಸಿದರು. ಮಾನಿಟರ್ ಅದನ್ನು ನೋಡಿ ಮೂಲೆಗೆ ಸರಿದ. ಕೂಗಲೂ ಇಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಹೆದರಬ್ಯಾಡ್ರಿ ಸರ," ಎಂದರು ಅವರು. "ನಾಕ ದಿನ ಒದ್ದಾಡತಾವ. ಆಮ್ಯಾಲ ಮರತಬಿಡತಾವ."

"ಒಂದ್ ನಿಮಿಷ ತಡೀರಿ" ಎಂದೆ.

ಪಂಜರದ ಇನ್ನೊಂದು ಬದಿಯ ಬಾಗಿಲು ತೆಗೆದು ಬರಿಗೈ ಒಳಗೆ ಇಟ್ಟೆ. ಕಚ್ಚಿದರೆ ಕಚ್ಚಲಿ, ಇನ್ನೂ ಆರು ಬೆರಳು ಉಳಿದಿವೆ! ಗವಸಿನಿಂದ ಹಿಂದೆ ಹಿಂದೆ ಸರಿಯುತ್ತ ಬಂದ ಮಾನಿಟರ್ ನನ್ನ ಕೈಗೆ ತಾಕಿದ, ತಿರುಗಿ ನೋಡಿದ, ಹತ್ತಿದ. ಪ್ರೀತಿಯಿಂದ ಹತ್ತಿದ ಎಂದು ನಾನು ಹೇಳುವುದಿಲ್ಲ. ಹೋಗಲು ಬೇರೆ ಜಾಗವಿರಲಿಲ್ಲ, ಅಷ್ಟೇ. ಒಂದು ಮುಷ್ಟಿ ಶೇಂಗಾದಷ್ಟು ಭಾರ. ಮೈಯೆಲ್ಲ ನಡುಗುತ್ತಿತ್ತು. ಬೋಳು ಎದೆಯ ತೆಳು ಚರ್ಮದ ಕೆಳಗೆ ಗುಂಡಿಗೆ ಓಡುತ್ತಿರುವುದು ಕಣ್ಣಿಗೇ ಕಾಣುತ್ತಿತ್ತು.

ಅವನನ್ನು ಹಿಡಿದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅವನು ನನ್ನ ಭುಜದಾಚೆ ಬಾಗಿಲನ್ನೇ ನೋಡುತ್ತಿದ್ದ. ಆಗ ನನಗೆ ಹೊಳೆಯಿತು. ಅಕ್ಕ ಹೋದ ದಿನ ಊರಿಗೆಲ್ಲ ಫೋನ್ ಮಾಡಿದವಳು ನನ್ನ ಹೆಂಡತಿ. ಲೋಂಡಾದ ಮಾವನಿಗೆ ಹೇಳಿದಳು, ಕಣಕುಂಬಿಯ ಬೀಗರಿಗೆ ಹೇಳಿದಳು, ಹಾಲಿನವನಿಗೂ ಹೇಳಿದಳು. ಅಕ್ಕನ ಜೊತೆ ಒಂದೇ ಮನೆಯಲ್ಲಿದ್ದ ಇವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಇವನ ಮಟ್ಟಿಗೆ ಅವಳು ಆಟೋ ಹತ್ತಿ ಹೋಗಿದ್ದಾಳೆ, ಇನ್ನೂ ಬಂದಿಲ್ಲ. ಮತ್ತೆ ನಾನು? ಜನ ಬಂದು ಹೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ಆ ಮಾತು ನನ್ನ ಬಾಯಿಂದ ಒಂದು ಸಲವೂ ಬಂದಿರಲಿಲ್ಲ.

"ಮಾನಿಟರ್," ಎಂದೆ. "ಅಕ್ಕ ತೀರಕೊಂಡ್ಳಪಾ. ದವಾಖಾನ್ಯಾಗ. ನಾ ಬಾಜೂಕ ಇದ್ದೆ. ಇನ್ನ..."

ಮಾತು ಅಲ್ಲಿಗೇ ನಿಂತಿತು. ಮತ್ತೆ ಮೊದಲಿನಿಂದ ಶುರುಮಾಡಿದೆ. ಅದೇ ಜಾಗಕ್ಕೆ ಬಂದು ಮತ್ತೆ ನಿಂತಿತು. ಅವನ ಉಗುರುಗಳು ನನ್ನ ಬೆರಳನ್ನು ಬಿಗಿಯಾಗಿ ಹಿಡಿದಿದ್ದವು. ಮೂರನೆಯ ಸಲ ಶುರುಮಾಡಿದೆ.

ಹೊರಗೆ ಚಹಾದ ಕಪ್ಪು ಕೆಳಗಿಟ್ಟ ಸದ್ದಾಯಿತು. ಹೆಂಡತಿ ಹುಬ್ಬಳ್ಳಿಯವರಿಗೆ ಮೆಲ್ಲಗೆ ಹೇಳುತ್ತಿದ್ದಳು:

"ನೀವು ಹೋಗಿ ಬರ್ರೀ. ಅವರಿಬ್ಬರೂ ಹೊರಗ ಬರೂದು ತಡ ಆಗತೈತಿ."